16ಕ್ಕೆ 9

ಆರು ತಿಂಗಳಿಂದ ಒಂದು ವಿಷಯ ತಲೆ ಕೊರೆಯುತ್ತಿದೆ. ಬರೆದು ಹಾಕಿದರೆ ಹೋಗಬಹುದು ಅಂತ ಕೂತಿದ್ದೇನೆ. ದೊಡ್ಡ ವಿಷಯವೇನಲ್ಲ. ಎರಡು ತುಂಡು ವೈರು, ಒಂದೊಂದು ಮೂರು ಮೀಟರ್.

ಜಯನಗರದಲ್ಲಿ ಒಬ್ಬ ಗೆಳೆಯ ಇದ್ದಾನೆ. ಮಹಡಿ ಮೇಲಿನ ಒಂದು ರೂಮನ್ನು ಹಾಡು ಕೇಳುವುದಕ್ಕೆಂದೇ ಇಟ್ಟಿದ್ದಾನೆ. ಒಳಗೆ ಹೋದರೆ ದೇವರಮನೆ ಹೊಕ್ಕ ಹಾಗೆ ಮಾತು ತಾನಾಗಿ ತಗ್ಗುತ್ತದೆ. ಅಲ್ಲಿ ಆಂಪ್ಲಿಫೈಯರಿನಿಂದ ಸ್ಪೀಕರಿಗೆ ಹೋಗುವ ವೈರು ನೆಲ ಮುಟ್ಟುವುದಿಲ್ಲ. ಅಡಿಗೊಂದರಂತೆ ಇಟ್ಟ ಸಣ್ಣ ಮರದ ಕಾಲುಗಳ ಮೇಲೆ ಮಲಗಿರುತ್ತದೆ. 'ವೈರಿಗೂ ಮಣೆ ಹಾಕಿದ್ದೀಯಲ್ಲೋ' ಅಂದೆ. ಅವನು ನಗಲಿಲ್ಲ. ಹಳೆ ವೈರು ಹಾಕಿ ಒಂದು ಕಛೇರಿಯ ರೆಕಾರ್ಡಿಂಗ್ ಕೇಳಿಸಿದ. ಆಮೇಲೆ ಬೆರಳು ದಪ್ಪದ, ನೀಲಿ ಜಾಲರಿ ಹೊದ್ದ ಹೊಸ ಕೇಬಲ್ ಸಿಕ್ಕಿಸಿ ಅದನ್ನೇ ಮತ್ತೆ ಹಾಕಿದ. ಮೃದಂಗದ ಗುಮ್ಕಿ ಎದ್ದು ಬಂತು. ಹಾಡುವವರು ಉಸಿರು ತೆಗೆದುಕೊಳ್ಳುವುದು ಕೇಳಿಸಿತು. ಸೊಳ್ಳೆ ಪರದೆ ಎತ್ತಿದ ಹಾಗಾಯಿತು, ಸುಳ್ಳು ಹೇಳುವುದಿಲ್ಲ. ಮೂರು ವಾರದಲ್ಲಿ ನಾನೂ ಅಂಥದ್ದೇ ಒಂದು ಜೋಡಿ ತರಿಸಿದೆ. 24,000 ರೂಪಾಯಿ. (ಮನೆಯಲ್ಲಿ ಹೇಳಿದ ರೇಟು ಬೇರೆ.) ಅದಕ್ಕೆ ಮುಂಚೆ ಇದ್ದದ್ದು ಒಂಬತ್ತು ವರ್ಷದ ಹಿಂದೆ ಎಸ್.ಪಿ. ರೋಡಿನಲ್ಲಿ ಮೀಟರಿಗೆ 55 ರೂಪಾಯಿ ಕೊಟ್ಟು ತಂದ ಎರಡೂವರೆ ಚದರ ಮಿಲಿಮೀಟರ್ ತಾಮ್ರದ ವೈರು.

ಹೊಸದನ್ನು ಹಾಕಿದ ರಾತ್ರಿ ನಮ್ಮ ಮನೆಯಲ್ಲೂ ಪರದೆ ಎದ್ದಿತು. ಎರಡು ಗಂಟೆವರೆಗೆ ಕೂತು ಕೇಳಿದೆ. ನಿದ್ದೆ ಬರುವ ಹೊತ್ತಿಗೆ ಮಾತ್ರ ಒಂದು ದನಿ ಕಿವಿಯೊಳಗೆ ಶುರುವಾಯಿತು. ಅದು ಹಾಡಿನದ್ದಲ್ಲ, ನಮ್ಮೂರಿನ ಮೈಕ್ ಸೆಟ್ ಮಾಮನದ್ದು.

ಎರಡೇ ರೋಗ

ತೀರ್ಥಹಳ್ಳಿ ಕಡೆಯವರಿಗೆ ಹೇಳಬೇಕಾಗಿಲ್ಲ. ಆಗ ಯಾರೂ ಸೌಂಡ್ ಸಿಸ್ಟಮ್ ಅನ್ನುತ್ತಿರಲಿಲ್ಲ. ಮದುವೆ, ತೇರು, ಗಣಪತಿ, ಎಲ್ಲಕ್ಕೂ ಮೈಕ್ ಸೆಟ್. ಒಂದು ಅಹುಜಾ ಆಂಪ್ಲಿಫೈಯರ್, ನಾಲ್ಕು ಹಾರ್ನು, ಎರಡು ಮೈಕು, ಗೋಣಿಚೀಲದ ತುಂಬ ವೈರು. ಮಾಮನ ಹಿಂದೆ ವೈರಿನ ಸುರುಳಿ ಹೊತ್ತು ಓಡುವುದು ನಮ್ಮ ಬೇಸಿಗೆ ರಜೆಯ ಕೆಲಸ. ಸಂಬಳ, ಶುರುವಾಗುವ ಮುಂಚೆ 'ಹಲೋ ಮೈಕ್ ಟೆಸ್ಟಿಂಗ್' ಅನ್ನುವ ಅವಕಾಶ.

ತೇರಿನ ದಿನ ಒಂದು ಹಾರ್ನನ್ನು ಹೊಳೆಯ ಆಚೆ ಹಲಸಿನ ಮರಕ್ಕೆ ಕಟ್ಟಬೇಕಿತ್ತು. ದೇವಸ್ಥಾನದಿಂದ ಅಲ್ಲಿಗೆ ಹತ್ತಿರ ಹತ್ತಿರ ಕಾಲು ಕಿಲೋಮೀಟರ್. ಅಷ್ಟು ದೂರಕ್ಕೆ ಮಾಮ ಎಳೆಯುತ್ತಿದ್ದದ್ದು ನೂಲಿನಂಥ ವೈರು. ಅಡಿಕೆ ಮರದಿಂದ ಅಡಿಕೆ ಮರಕ್ಕೆ, ಬೇಲಿ ಮೇಲೆ, ಕಾಲುಸಂಕದ ಕೆಳಗೆ. ಆದರೂ ಆಚೆ ದಡದಲ್ಲಿ ಭಟ್ಟರ ಮಂತ್ರ ಗಟ್ಟಿಯಾಗಿ ಕೇಳುತ್ತಿತ್ತು. ಅದರ ಗುಟ್ಟು ನನಗೆ ಗೊತ್ತಾದದ್ದು ಡಿಪ್ಲೊಮಾ ಓದುವಾಗ. ಅಂಥ ಆಂಪ್ಲಿಫೈಯರುಗಳ ಹಿಂದೆ 100 ವೋಲ್ಟ್ ಅಂತ ಬರೆದ ಒಂದು ಔಟ್‌ಪುಟ್ ಇರುತ್ತದೆ. ಒಳಗಿನ ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಏರಿಸಿ ಕಳಿಸುತ್ತದೆ, ಮರದ ಮೇಲಿನ ಹಾರ್ನಿನ ಹಿಂದಿರುವ ಇನ್ನೊಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಇಳಿಸುತ್ತದೆ. 100 ವಾಟ್ ಕಳಿಸಬೇಕು ಅನ್ನಿ. (ಓಮ್ ಅಂದರೆ ಕರೆಂಟಿಗೆ ಎದುರಾಗುವ ಅಡ್ಡಿಯ ಅಳತೆ.) 8 ಓಮಿನ ಸ್ಪೀಕರಿಗೆ ನೇರವಾಗಿ ಕೊಟ್ಟರೆ ವೈರಿನಲ್ಲಿ ಮೂರೂವರೆ ಆಂಪಿಯರ್ ಹರಿಯಬೇಕು. 100 ವೋಲ್ಟಿನಲ್ಲಿ ಕೊಟ್ಟರೆ ಒಂದೇ ಆಂಪಿಯರ್ ಸಾಕು. ಅರ್ಧ ಚದರ ಮಿಲಿಮೀಟರ್ ಜೋಡಿ ವೈರನ್ನು ಆ ದೂರದ ಅರ್ಧಕ್ಕೆ, 130 ಮೀಟರ್ ಎಳೆದರೂ ಹೋಗಿ ಬರುವ ದಾರಿಗೆ 10 ಓಮ್ ಆಗುತ್ತದೆ. ನೇರವಾಗಿ ಕೊಟ್ಟಿದ್ದರೆ ಅರ್ಧಕ್ಕಿಂತ ಜಾಸ್ತಿ ಶಕ್ತಿಯನ್ನು ಆ ವೈರೇ ನುಂಗಿ ಬಿಸಿಯಾಗುತ್ತಿತ್ತು. 100 ವೋಲ್ಟಿನಲ್ಲಿ ಅದು ತಿನ್ನುವುದು ಹತ್ತರಲ್ಲಿ ಒಂದು ಪಾಲಿನಷ್ಟು. 1902ರಲ್ಲಿ ಶಿವನಸಮುದ್ರದ ಕರೆಂಟು ಅಷ್ಟು ದೂರದ ಕೋಲಾರದ ಚಿನ್ನದ ಗಣಿ ಮುಟ್ಟಿದ್ದೂ ಇದೇ ಉಪಾಯದಿಂದ. ಮಾಮನಿಗೆ ಓಮ್ ಗೀಮ್ ಗೊತ್ತಿತ್ತೋ ಇಲ್ಲವೋ. ಆದರೆ ದೂರ ಹೋಗುವ ಹಾರ್ನಿಗೆ ಯಾವ ತಿರುಪಿನ ಕೆಳಗೆ ವೈರು ಸಿಕ್ಕಿಸಬೇಕು ಅಂತ ಕತ್ತಲಲ್ಲಿ ಕೇಳಿದರೂ ಹೇಳುತ್ತಿದ್ದ.

ಅವನು ವೈರಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಸುಲಿಯುತ್ತಿದ್ದ. ಸುಲಿದ ಮೇಲೆ ಹಳೆ ಬ್ಲೇಡಿನಿಂದ ತಾಮ್ರ ಕೆಂಪಗೆ ಹೊಳೆಯುವವರೆಗೆ ಕೆರೆಯುತ್ತಿದ್ದ. ನಮ್ಮ ಕಡೆ ಮಳೆಗೆ ತಾಮ್ರ ಒಂದೇ ವರ್ಷದಲ್ಲಿ ಕಪ್ಪಾಗುತ್ತದೆ, ಬಿಟ್ಟರೆ ಹಸಿರು ಕಟ್ಟುತ್ತದೆ. ನಾವು ಕೆರೆಯದೆ ಹಾಗೇ ತಿರುಚಿ ಕೊಟ್ಟರೆ ತಲೆಗೆ ಒಂದು ಮೊಟಕು. 'ವೈರಿಗೆ ಎರಡೇ ರೋಗ ಕಣ್ರೋ. ಒಂದು ದೂರ, ಇನ್ನೊಂದು ಜಾಯಿಂಟು.' ಮೈಕಿನ ವೈರು ಬೇರೆ ಜಾತಿ, ಅದನ್ನು ಜನರೇಟರಿನ ವೈರಿನ ಪಕ್ಕ ಓಡಿಸಬಾರದು, ಓಡಿಸಿದರೆ ಹೆಜ್ಜೇನು ಹೊಕ್ಕ ಹಾಗೆ ಗುಂಯ್ ಅನ್ನುತ್ತದೆ. ಅವನ ವೈರು ಶಾಸ್ತ್ರ ಇಷ್ಟೇ.

24,000 ರೂಪಾಯಿ ಕೊಟ್ಟ ರಾತ್ರಿ ಕಿವಿಯಲ್ಲಿ ಕೂತದ್ದು ಈ ಮಾತು. ನನ್ನ ಮನೆಯಲ್ಲಿ ಯಾವ ರೋಗ ಇತ್ತು? ದೂರ ಮೂರು ಮೀಟರ್.

ಲೆಕ್ಕ

ಬೆಳಿಗ್ಗೆ ಎದ್ದು ಪೆನ್ನು ಹಿಡಿದೆ. ಹಳೆ ವೈರಿಗೆ ಮೀಟರಿಗೆ 7.4 ಮಿಲಿಓಮ್. ಹೋಗಿ ಬರಲು ಆರು ಮೀಟರ್. ಒಟ್ಟು 0.044 ಓಮ್. ಸ್ಪೀಕರ್ 8 ಓಮ್. ವೈರಿನಿಂದಾಗಿ ಸದ್ದು ತಗ್ಗುವುದು 0.05 ಡೆಸಿಬೆಲ್. ಇದು ಎಷ್ಟು ಕಮ್ಮಿ ಅಂದರೆ, ಕೂತ ಕಡೆ ತಲೆಯನ್ನು ನಾಲ್ಕು ಬೆರಳಷ್ಟು ಪಕ್ಕಕ್ಕೆ ವಾಲಿಸಿದರೆ ಕಿವಿಗೆ ಬೀಳುವ ಸದ್ದು ಇದಕ್ಕಿಂತ ಎಷ್ಟೋ ಜಾಸ್ತಿ ಬದಲಾಗುತ್ತದೆ. ಅದೂ ಅಲ್ಲದೆ ಸ್ಪೀಕರಿನ ಡಬ್ಬಿಯೊಳಗೆ ಇರುವುದೂ ತಾಮ್ರವೇ ಅಲ್ವಾ? ಬಾಸಿಗೂ ಟ್ರೆಬಲ್ಲಿಗೂ ದಾರಿ ಬೇರೆ ಮಾಡುವ ಸುರುಳಿಗಳು, ಕೋನಿನ ಹಿಂದೆ ಸುತ್ತಿದ ಕೂದಲೆಳೆಯ ಕಾಯಿಲು. 8 ಓಮಿನ ಸ್ಪೀಕರಿನಲ್ಲಿ ಆ ಕಾಯಿಲೊಂದೇ 6 ಓಮಿನ ಆಸುಪಾಸು ಇರುತ್ತದೆ. ಗೇಟಿನಿಂದ ಹೊಸಿಲವರೆಗೆ ಅಮೃತಶಿಲೆ ಹಾಸಿ, ಒಳಗೆ ಮಣ್ಣು ನೆಲ ಹಾಗೇ ಬಿಟ್ಟಂತಾಯಿತು.

ಹೊಸ ಕೇಬಲ್ಲಿನ ಡಬ್ಬದ ಮೇಲೆ ಆಕ್ಸಿಜನ್-ಫ್ರೀ (ಆಮ್ಲಜನಕ ತೆಗೆದು ಶುದ್ಧ ಮಾಡಿದ) ತಾಮ್ರ ಅಂತ ಬರೆದಿತ್ತು, ಬೆಳ್ಳಿ ಲೇಪನ ಅಂತಲೂ ಇತ್ತು. ಗೋಡೆಯೊಳಗೆ ಓಡುವ ಸಾಧಾರಣ ವೈರಿನ ತಾಮ್ರಕ್ಕೂ ಇದಕ್ಕೂ ಕರೆಂಟು ಹರಿಸುವುದರಲ್ಲಿ ವ್ಯತ್ಯಾಸ ಹೆಚ್ಚೆಂದರೆ ನೂರಕ್ಕೆ ಒಂದು. ಅಪ್ಪಟ ಬೆಳ್ಳಿಯೇ ಆದರೂ ತಾಮ್ರಕ್ಕಿಂತ ನೂರಕ್ಕೆ ಆರು ಭಾಗ ಮೇಲು, ಅಷ್ಟೇ. ಅದರ ಬದಲು ಎರಡೂವರೆಯಿಂದ ನಾಲ್ಕು ಚದರ ಮಿಲಿಮೀಟರಿಗೆ ಹೋದರೆ 60 ಭಾಗ ಲಾಭ, ಮೀಟರಿಗೆ ಇನ್ನೊಂದಿಷ್ಟು ರೂಪಾಯಿ. ಕೇಬಲ್ಲಿನ ಮೇಲೆ ಬಾಣದ ಗುರುತೂ ಇತ್ತು, ಹೀಗೇ ಜೋಡಿಸಿ ಅಂತ. ಹಾಡಿನ ಕರೆಂಟು ಸೆಕೆಂಡಿಗೆ ನೂರಾರು, ಸಾವಿರಾರು ಸಲ ಹಿಂದೆ ಮುಂದೆ ಓಡಾಡುತ್ತದೆ. ಬಾಣ ಯಾರಿಗೆ ದಾರಿ ತೋರಿಸುತ್ತಿದೆಯೋ!

ಎಲ್ಲ ವೈರೂ ಒಂದೇ ಅಂತ ನಾನು ಹೇಳುತ್ತಿಲ್ಲ. ಗ್ರಾಮಫೋನ್ ಪ್ಲೇಯರ್ ಇಟ್ಟುಕೊಂಡವರಿಗೆ ಗೊತ್ತು, ಮುಳ್ಳು ಕೂತಿರುವ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್‌ನಿಂದ ಹೊರಡುವ ಸಿಗ್ನಲ್ ಬಹಳ ನವಿರು. ಅಲ್ಲಿ ಕೇಬಲ್ಲಿನ ಕೆಪಾಸಿಟೆನ್ಸ್ (ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ಗುಣ) ನೂರಿನ್ನೂರು ಪಿಕೋಫ್ಯಾರಡ್ ಜಾಸ್ತಿಯಾದರೂ ತಾರಕದ ಬಣ್ಣವೇ ಬದಲಾಗುತ್ತದೆ. ಎಲೆಕ್ಟ್ರಿಕ್ ಗಿಟಾರಿಗೂ ಹಾಗೇ, ವೈರು ಉದ್ದವಾದಷ್ಟೂ ದನಿ ಮಂಕು. ನಮ್ಮ ಮನೆಯಲ್ಲೇ ಕಂಪ್ಯೂಟರನ್ನು ಆಂಪ್ಲಿಫೈಯರಿಗೆ ಸೇರಿಸಿದಾಗ ವರ್ಷಗಟ್ಟಲೆ ಸಣ್ಣಗೆ ಒಂದು ಗುಂಯ್ ಇತ್ತು, ಅರ್ಥಿಂಗಿನ ತಕರಾರು. ಕೊನೆಗೆ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿದೆ. ಗುಂಯ್ ಹೋಯಿತು. ಖರ್ಚು ಸೊನ್ನೆ. ಇನ್ನು ಎಚ್‌ಡಿಎಂಐ, ಯುಎಸ್‌ಬಿ ಕೇಬಲ್ ಬದಲಾಯಿಸಿ ಬಾಸು ಮೆತ್ತಗಾಯಿತು ಅನ್ನುವವರ ಜೊತೆ ನಾನು ವಾದಕ್ಕೆ ಕೂರುವುದಿಲ್ಲ. ಆ ಕೇಬಲ್ ಕೈಕೊಟ್ಟರೆ ಸದ್ದು ಕಡಿದು ಕಡಿದು ಬರುತ್ತದೆ, ಇಲ್ಲವೇ ನಿಂತೇ ಹೋಗುತ್ತದೆ. ಮೆತ್ತಗಾಗುವುದು ಅದರ ಕೈಲಿ ಆಗುವ ಕೆಲಸ ಅಲ್ಲ.

ಟವೆಲ್ಲಿನ ಹಿಂದೆ

ಲೆಕ್ಕವೇನೋ ಮುಗಿಯಿತು, ಕಿವಿ ಒಪ್ಪಲಿಲ್ಲ. ರಾತ್ರಿ ಕೂತರೆ ಮತ್ತೆ ಅದೇ ಗುಮ್ಕಿ, ಅದೇ ಉಸಿರು. ಕೊನೆಗೆ ಮಗಳನ್ನು ಕರೆದೆ. ಪಿಯುಸಿ ಓದುತ್ತಾಳೆ, ಅಪ್ಪ ಸೋಲುವ ಯಾವ ಆಟಕ್ಕೂ ಸದಾ ತಯಾರು.

ನಿಯಮ ಅವಳದ್ದೇ. ನಾನು ಅಡುಗೆಮನೆಗೆ ಹೋಗಬೇಕು. ಅವಳು ಐದು ರೂಪಾಯಿ ನಾಣ್ಯ ಚಿಮ್ಮುತ್ತಾಳೆ. ಸಿಂಹ ಬಿದ್ದರೆ ದುಬಾರಿ ಕೇಬಲ್, ಇಲ್ಲದಿದ್ದರೆ ಹಳೆ ವೈರು. ಬದಲಾಯಿಸುವುದಿರಲಿ ಬಿಡಲಿ, ಪ್ಲಗ್ಗುಗಳನ್ನು ಕಿತ್ತು ಮತ್ತೆ ಹಾಕಲೇಬೇಕು, ಸದ್ದಿನಿಂದ ನನಗೆ ಸುಳಿವು ಸಿಗಬಾರದು ಅಂತ. ಆಂಪ್ಲಿಫೈಯರಿನ ಹಿಂಭಾಗಕ್ಕೆ, ಸ್ಪೀಕರುಗಳ ಬುಡಕ್ಕೆ ಟವೆಲ್ಲು. ವಾಲ್ಯೂಮ್ ಗುಂಡಿಗೆ ಸೆಲ್ಲೋಟೇಪು ಅಂಟಿಸಿ ಅಲ್ಲಾಡದ ಹಾಗೆ ಮಾಡಿದಳು. ನಾನು ಬಂದು ಕೂತು, ಒಂದೇ ತನಿ ಆವರ್ತನದ (ಕಛೇರಿಯಲ್ಲಿ ಮೃದಂಗ, ಘಟಗಳಷ್ಟೇ ನುಡಿಯುವ ಭಾಗ) ಮೊದಲ ಎರಡು ನಿಮಿಷ ಕೇಳಿ, ಯಾವುದು ಅಂತ ಚೀಟಿಯಲ್ಲಿ ಬರೆಯಬೇಕು. ಅವಳ ಲೆಕ್ಕ ಅವಳ ನೋಟ್‌ಬುಕ್ಕಿನಲ್ಲಿ. ಶನಿವಾರ ಎಂಟು ಸಲ, ಭಾನುವಾರ ಎಂಟು ಸಲ. ನಾಣ್ಯ ಚಿಮ್ಮಿಯೇ ಉತ್ತರ ಬರೆದರೂ 16ಕ್ಕೆ 8ರ ಆಸುಪಾಸು ಬರುತ್ತದೆ. ಕೇಳಿ ಗುರುತಿಸಿದೆ ಅಂತ ಎದೆ ತಟ್ಟಿಕೊಳ್ಳಬೇಕಾದರೆ ಕನಿಷ್ಠ 12 ಬರಬೇಕು. ಸುಮ್ನೆ ಊಹಿಸಿ 12 ಮುಟ್ಟುವ ಸಾಧ್ಯತೆ ನೂರಕ್ಕೆ ನಾಲ್ಕಕ್ಕಿಂತ ಕಮ್ಮಿ.

ಮೊದಲ ಮೂರು ಸಲ ನನಗೆ ಅನುಮಾನವೇ ಇರಲಿಲ್ಲ. ಎರಡನೆಯದರಲ್ಲಿ ಘಟ ಎಷ್ಟು ಬಿಡಿಬಿಡಿಯಾಗಿ ಕೇಳಿಸಿತು ಅಂದರೆ, ಚೀಟಿಯಲ್ಲಿ 'ದುಬಾರಿ' ಅಂತ ಬರೆದು ಕೆಳಗೆ ಗೆರೆ ಬೇರೆ ಎಳೆದೆ. ಐದನೆಯದರ ಹೊತ್ತಿಗೆ ಕೈ ನಿಂತಿತು. ಹಾಡು ಚೆನ್ನಾಗಿಯೇ ಇತ್ತು, ಆದರೆ ಹಿಡಿಯುವುದಕ್ಕೆ ಹೋದದ್ದು ಸಿಗುತ್ತಿರಲಿಲ್ಲ. ಬಾಯಲ್ಲಿರುವ ಹೆಸರು ನೆನಪಾಗದೆ ಒದ್ದಾಡುತ್ತೇವಲ್ಲ, ಹಾಗೆ. ಏಳನೆಯದರಲ್ಲಿ ಮಗಳ ಮುಖ ನೋಡಿ ಊಹಿಸಲು ಶುರು ಮಾಡಿದ್ದೆ. ಅವಳು ಮುಖಕ್ಕೂ ಟವೆಲ್ಲು ಹೊದ್ದುಕೊಂಡಳು. ಭಾನುವಾರ ಸಂಜೆ ನೋಟ್‌ಬುಕ್ಕು, ಚೀಟಿ ಎರಡನ್ನೂ ಪಕ್ಕಪಕ್ಕ ಇಟ್ಟು ಕೂಡಿಸಿದೆವು. 9 ಸರಿ, 7 ತಪ್ಪು. ಗೆರೆ ಎಳೆದ ಆ ಎರಡನೆಯದು, ಮೀಟರಿಗೆ 55 ರೂಪಾಯಿ.

'ಪಾಸು ಅಪ್ಪ, ಡಿಸ್ಟಿಂಕ್ಷನ್ ಇಲ್ಲ ಅಷ್ಟೇ' ಅಂದಳು.

ಗೆಳೆಯನಿಗೆ ಫೋನ್ ಮಾಡಿದೆ. ಅವನ ವಾದ ತೀರಾ ತೆಗೆದುಹಾಕುವಂಥದ್ದಲ್ಲ. ಪರೀಕ್ಷೆಗೆ ಕೂತವನ ಕಿವಿ ಬೇರೆ, ಆರಾಮಾಗಿ ಕೇಳುವವನ ಕಿವಿ ಬೇರೆ ಅಂದ. ಪ್ಲಗ್ಗು ಬದಲಾಯಿಸುವ ಎರಡು ನಿಮಿಷದಲ್ಲಿ ಸದ್ದಿನ ನೆನಪು ಅಳಿಸುತ್ತದೆ ಅಂದ. ಎರಡನೆಯದು ನಿಜ. ಆದರೆ ಹಾಗಿದ್ದರೆ ಅವನ ರೂಮಿನಲ್ಲಿ, ಅಷ್ಟೇ ಎರಡು ನಿಮಿಷ ಬಿಟ್ಟು, ನಾವಿಬ್ಬರೂ 'ಆಹಾ' ಅಂದದ್ದಾದರೂ ಹೇಗೆ? ಅಲ್ಲಿ ಇಲ್ಲದ ತೊಂದರೆ ಟವೆಲ್ಲು ಹೊದಿಸಿದ ಕೂಡಲೇ ಯಾಕೆ ಬಂತು? 'ನಿನ್ನ ಮನೆಯಲ್ಲೂ ಒಂದು ಸಲ ಮಾಡೋಣ, ಮಗಳನ್ನು ಕರೆದುಕೊಂಡು ಬರುತ್ತೇನೆ' ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. 'ಬೇಡ ಮಾರಾಯ, ಹಾಗೇ ಇರಲಿ' ಅಂದ. ನಾನೂ ಒತ್ತಾಯ ಮಾಡಲಿಲ್ಲ.

ಇಂಥ ಆಟ ಆಡಿದವರಲ್ಲಿ ನಾವು ಮೊದಲಿಗರೇನಲ್ಲ. 1983ರಲ್ಲೇ ಅಮೆರಿಕದ ಸ್ಟೀರಿಯೋ ರಿವ್ಯೂ ಪತ್ರಿಕೆ ದುಬಾರಿ ಕೇಬಲ್ಲನ್ನೂ ದೀಪಕ್ಕೆ ಹಾಕುವಂಥ 16 ಗೇಜಿನ ವೈರನ್ನೂ ಎದುರುಬದುರು ಇಟ್ಟು ಕೇಳಿಸಿತ್ತು. ಜೊತೆಗೆ 24 ಗೇಜಿನ ತೀರಾ ತೆಳು ವೈರೂ ಇತ್ತು. ತೆಳು ವೈರನ್ನು ಜನ ಹಿಡಿದರು, ಅದು ಸದ್ದನ್ನೇ ತಗ್ಗಿಸುತ್ತಿತ್ತು. ಹಾಡು ಹಾಕಿದಾಗ ಉಳಿದೆರಡನ್ನು ಬೇರೆ ಮಾಡಿ ಹೇಳಲು ಆಗಲಿಲ್ಲ. ತೆಳು ವೈರಿನದ್ದು ಮಾಮನ ಮೊದಲನೇ ರೋಗವೇ, ದೂರ ಹೆಚ್ಚಿದರೂ ವೈರು ತೆಳುವಾದರೂ ಅಡ್ಡಿ ಹೆಚ್ಚುತ್ತದೆ. 2007ರಲ್ಲಿ ಜೇಮ್ಸ್ ರ‍್ಯಾಂಡಿ ಅನ್ನುವ ಜಾದೂಗಾರರು, 7,250 ಡಾಲರಿನ ಒಂದು ಸ್ಪೀಕರ್ ಕೇಬಲ್ಲನ್ನು ಕಣ್ಣು ಮುಚ್ಚಿ ಗುರುತಿಸಿದರೆ ಹತ್ತು ಲಕ್ಷ ಡಾಲರ್ ಕೊಡುತ್ತೇನೆ ಅಂದಿದ್ದರು. ಪತ್ರ ವ್ಯವಹಾರ ಜೋರಾಗಿ ನಡೆಯಿತು, ಪರೀಕ್ಷೆ ನಡೆಯಲಿಲ್ಲ. ನನಗೆ ಅದು ಪುರಾವೆಗಿಂತ ಜಾಸ್ತಿ ಜಗಳವಾಗಿ ಕಾಣುತ್ತದೆ. ನಡೆಯದ ಪರೀಕ್ಷೆಯಿಂದ ಏನೂ ಗೊತ್ತಾಗುವುದಿಲ್ಲ.

ಬ, ಗ, ದ

ಆದರೂ ಕೊರೆತ ನಿಲ್ಲಲಿಲ್ಲ. ಎರಡು ಕಾರಣ.

ಒಂದು, 16ಕ್ಕೆ 9 ಬಂದ ಮರುದಿನ ಟವೆಲ್ಲು ತೆಗೆದು ನೀಲಿ ಕೇಬಲ್ಲನ್ನು ಕಣ್ಣೆದುರೇ ಸಿಕ್ಕಿಸಿ ಕೂತೆ. ಗುಮ್ಕಿ ಮತ್ತೆ ಎದ್ದಿತು! ಇಲ್ಲ ಅಂತ ನನಗೇ ಗೊತ್ತು, ನಾನೇ ಚೀಟಿ ಬರೆದವನು. ಆದರೂ ಕೇಳಿಸುತ್ತದೆ. 1976ರಲ್ಲಿ ಮೆಕ್‌ಗರ್ಕ್ ಮತ್ತು ಮ್ಯಾಕ್‌ಡೊನಾಲ್ಡ್ ಎಂಬಿಬ್ಬರು ಪ್ರಕಟಿಸಿದ ಒಂದು ಪ್ರಯೋಗ ಇದೆ. ಧ್ವನಿಯಲ್ಲಿ 'ಬ' ಅಂತ ಹಾಕುತ್ತಾರೆ, ಪರದೆ ಮೇಲಿನ ತುಟಿ 'ಗ' ಅನ್ನುತ್ತಿರುತ್ತದೆ. ನೋಡುವವರಲ್ಲಿ ಬಹಳ ಜನರಿಗೆ ಕೇಳಿಸುವುದು 'ದ'. ಕಣ್ಣು ಮುಚ್ಚಿದರೆ 'ಬ', ತೆರೆದರೆ ಮತ್ತೆ 'ದ'. ಗುಟ್ಟು ಗೊತ್ತಾದ ಮೇಲೂ ಅಷ್ಟೇ. ಇಂಟರ್‌ನೆಟ್ಟಿನಲ್ಲಿ ವಿಡಿಯೋ ಸಿಗುತ್ತದೆ, ನಾನು ಇಪ್ಪತ್ತು ಸಲವಾದರೂ ನೋಡಿದ್ದೇನೆ, ಒಂದು ಸಲವೂ ಗೆದ್ದಿಲ್ಲ. ಕಿವಿ ಒಂಟಿಯಾಗಿ ಕೆಲಸ ಮಾಡುವುದೇ ಇಲ್ಲ ಅನ್ನಿಸುತ್ತದೆ. ನೀಲಿ ಜಾಲರಿ, ತೂಕ, ರೇಟು, ಗೆಳೆಯನ ಮುಖ, ಎಲ್ಲವೂ ಅದರ ಪಕ್ಕ ಬಂದು ಕೂರುತ್ತವೆ. ಕೇಬಲ್ ಕೊಂಡವರನ್ನು ನೋಡಿ 'ಮರುಳರು' ಅಂತ ನಗುವವರು ಈ ವಿಡಿಯೋ ನೋಡುತ್ತಾ 'ಬ' ಕೇಳಿಸಿಕೊಂಡು ತೋರಿಸಲಿ.

ಎರಡನೆಯದು ನನ್ನ ತಪ್ಪು. ಪರೀಕ್ಷೆಗೆ ಅನುಕೂಲವಾಗಲಿ ಅಂತ ಹಳೆ ವೈರಿಗೂ ಹೊಸ ಬನಾನಾ ಪ್ಲಗ್ (ಟರ್ಮಿನಲ್ಲಿಗೆ ಸಿಕ್ಕಿಸುವ ಪಿನ್ನು) ಹಾಕಿದ್ದೆ. ಹಾಕುವ ಮುಂಚೆ ಎಂಟೂ ತುದಿಗಳನ್ನು ಒಂದೊಂದು ಇಂಚು ಕತ್ತರಿಸಿ ಎಸೆದಿದ್ದೆ. ಒಂಬತ್ತು ವರ್ಷದಿಂದ ಆ ತುದಿಗಳು ಟರ್ಮಿನಲ್ಲಿನಲ್ಲಿ ಬರಿಮೈಯಲ್ಲಿ ಕೂತಿದ್ದವು. ಕಿಟಕಿ ಪಕ್ಕದ ಸ್ಪೀಕರಿನದ್ದಂತೂ ಹುಣಸೆ ಬೀಜದ ಬಣ್ಣಕ್ಕೆ ತಿರುಗಿತ್ತು. ಒಂದು ತುದಿಯಲ್ಲಿ ಅರ್ಧ ಎಳೆಗಳು ಮುರಿದು, ಉಳಿದವು ತಿರುಪಿನ ಕೆಳಗೆ ಸಡಿಲವಾಗಿ ನೇತಾಡುತ್ತಿದ್ದವು. ಅಂದರೆ ಹೊಸ ಕೇಬಲ್ ಹಾಕಿದ ಆ ಮೊದಲ ರಾತ್ರಿ ಸದ್ದು ನಿಜವಾಗಿಯೂ ಸುಧಾರಿಸಿದ್ದರೂ ಇರಬಹುದು. ಹೊಸ ತಾಮ್ರ ಬಿಗಿಯಾಗಿ ಹಳೆ ಟರ್ಮಿನಲ್ಲಿನಲ್ಲಿ ಕೂತಿತಲ್ಲ. ಬ್ಲೇಡಿನಿಂದ ಕೆರೆದಿದ್ದರೂ ಅಷ್ಟೇ ಆಗುತ್ತಿತ್ತೇನೋ. ಪರೀಕ್ಷೆಯಲ್ಲಿ ಎರಡಕ್ಕೂ ಹೊಸ ತುದಿ ಇದ್ದದ್ದರಿಂದ ಅದು ಗೊತ್ತಾಗುವ ದಾರಿಯೇ ಇರಲಿಲ್ಲ. ಗೊತ್ತು ಮಾಡಿಕೊಳ್ಳೋಣ ಅಂದರೆ ಆ ಕಪ್ಪು ತುಂಡುಗಳು ಕಸದ ಗಾಡಿ ಹತ್ತಿ ಹೋಗಿಯಾಗಿತ್ತು. ಕೇಬಲ್ ಬದಲಾಯಿಸಿ ಪರದೆ ಎದ್ದಿತು ಅನ್ನುವವರಲ್ಲಿ ಎಷ್ಟು ಜನರ ಮನೆಯಲ್ಲಿ ಎದ್ದದ್ದು ಈ ಕಿಲುಬಿನ ಪರದೆಯೋ!

ಪ್ಲಗ್ಗು

ಹೋದ ತಿಂಗಳು ಊರಿಗೆ ಹೋದಾಗ ಕೇಬಲ್ಲನ್ನು ಬ್ಯಾಗಿಗೆ ಹಾಕಿಕೊಂಡೆ. ಮಾಮನಿಗೆ ಈಗ ಎಪ್ಪತ್ತು ದಾಟಿದೆ. ಸೆಟ್ಟನ್ನು ಮಗ ನೋಡಿಕೊಳ್ಳುತ್ತಾನೆ, ಆದರೆ ತೇರಿಗೆ ಇವನೂ ಹೋಗಿ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ಜಗಲಿಯಲ್ಲಿ ಎಲೆ ಅಡಿಕೆ ತಟ್ಟೆಯ ಪಕ್ಕ ಕೇಬಲ್ ಇಟ್ಟೆ. ಎತ್ತಿ ತೂಕ ನೋಡಿದ.

'ಇದು ಎಷ್ಟು ದೂರಕ್ಕೆ?'

'ಮೂರು ಮೀಟರ್, ಮಾಮ.'

'ಅದು ಸರಿ. ಎಷ್ಟು ದೂರಕ್ಕೆ ಅಂತ?'

ಮತ್ತೆ ಹೇಳಿದೆ. ರೇಟು ಕೇಳಿದ, ಹೇಳಿದೆ. ಬಾಯಲ್ಲಿ ಎಲೆ ಇತ್ತು, ಹಾಗಾಗಿ ಏನೂ ಅನ್ನಲಿಲ್ಲ. ಕನ್ನಡಕ ಮೇಲೆ ಮಾಡಿ ತುದಿಯ ಪ್ಲಗ್ಗನ್ನು ಬೆರಳಲ್ಲಿ ತಿರುಗಿಸಿ ತಿರುಗಿಸಿ ನೋಡಿದ. ಉಗುರಲ್ಲಿ ಕೆರೆದ. ಜೋರಾಗಿ ಜಗ್ಗಿದ, ಕಿತ್ತು ಬರಲಿಲ್ಲ. ಎದ್ದು ಅಂಗಳಕ್ಕೆ ಹೋಗಿ ಉಗಿದು ಬಂದ.

'ವೈರು ಅತ್ಲಾಗೆ ಹಾಕು. ಈ ಪ್ಲಗ್ಗು ಬಿಡಿಯಾಗಿ ಸಿಗುತ್ತಾ?'